ಶಾಲೆ ನಿಂತಾಗ ಮಕ್ಕಳ ಕೈ ಹಿಡಿಯುವವರು ಯಾರು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಮಕ್ಕಳ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಓದಿರುವುದು ಎಸ್ಸೆಸ್ಸೆಲ್ಸಿ. ಭಾಷಣ ಮಾಡಿ ಅಭ್ಯಾಸ ಇಲ್ಲ. ಕೆಚ್ಚಲು ಬಾವಿನ ಬಗ್ಗೆ ಮಾತಾಡು ಅಂದಿದ್ದರೆ ಅರ್ಧ ಗಂಟೆ ಮಾತಾಡಿಬಿಡುತ್ತಿದ್ದೆ. ಆದರೆ ಅಧ್ಯಕ್ಷರು "ಇವತ್ತು ಮಕ್ಕಳ ಸಮಾರಂಭ, ಮಕ್ಕಳ ವಿಚಾರವೇ ಮಾತಾಡಬೇಕು" ಅಂದರು. ಆಗ ನನಗೆ ನೆನಪಾದದ್ದು ಕೊರೋನಾ ಕಾಲ. ಆ ಎರಡು ವರ್ಷದಲ್ಲಿ ನಾನು ತಂದೆಯಾಗಿ ಮಾಡಿದ ತಪ್ಪುಗಳು ಮತ್ತು ಅದರಿಂದ ಕಲಿತ ಪಾಠ, ಇಷ್ಟನ್ನೇ ಹೇಳುತ್ತೇನೆ. ಬುದ್ಧಿ ಹೇಳುವಷ್ಟು ದೊಡ್ಡವನಲ್ಲ. ನನ್ನ ಮನೆಯಲ್ಲಿ ಆದದ್ದು ನಿಮ್ಮ ಮನೆಯಲ್ಲೂ ಸ್ವಲ್ಪ ಹೆಚ್ಚುಕಡಿಮೆ ಆಗಿರಬಹುದು ಅಂತ ಧೈರ್ಯ ಮಾಡಿದ್ದೇನೆ.

2020ರ ಮಾರ್ಚ್ ತಿಂಗಳು ನಿಮಗೆಲ್ಲಾ ನೆನಪಿದೆ. ಮೊದಲು ಶಾಲೆಗೆ ರಜೆ ಅಂದರು, ಆಮೇಲೆ ಇಡೀ ದೇಶಕ್ಕೇ ಬೀಗ ಅಂದರು. ಬಸ್ಸಿಲ್ಲ, ಸಂತೆ ಇಲ್ಲ, ಜಾತ್ರೆ ಇಲ್ಲ. ನಮ್ಮೂರಲ್ಲಿ ಒಂದು ದಿನವೂ ನಿಲ್ಲದೆ ನಡೆದದ್ದು ನಮ್ಮ ಸಂಘ ಒಂದೇ. ಹಸುವಿಗೆ ಲಾಕ್‌ಡೌನ್ ಗೊತ್ತಾಗುತ್ತದೆಯೇ? ಬೆಳಗ್ಗೆ ಆದರೆ ಕೆಚ್ಚಲು ತುಂಬಿಕೊಂಡು ಅಂಬಾ ಅಂತ ಕರೆಯುತ್ತದೆ. ಮುಂದುಗಡೆ ಅಂಗಳದಲ್ಲಿ ಸುಣ್ಣದಲ್ಲಿ ಗೆರೆ ಹಾಕಿ, ಮೂತಿಗೆ ಟವೆಲ್ ಕಟ್ಟಿಕೊಂಡು, ದೂರ ದೂರ ನಿಂತು ಹಾಲು ಹಾಕಿದೆವು. ಹೋಟೆಲ್ಲು, ಮದುವೆ ಎಲ್ಲಾ ನಿಂತು ಹಾಲು ಮಿಕ್ಕಿಹೋದಾಗ ಸರ್ಕಾರವೇ ಕೊಂಡು ಪಟ್ಟಣದ ಬಡವರಿಗೆ ಪುಕ್ಕಟೆ ಹಂಚಿತು. ಹಾಗಾಗಿ ನಮ್ಮ ಬಟವಾಡೆ ನಿಲ್ಲಲಿಲ್ಲ. ಹಾಲು ಕೆಡಬಾರದು ಅಂತ ಊರು, ಒಕ್ಕೂಟ, ಸರ್ಕಾರ ಎಲ್ಲರೂ ಯೋಚನೆ ಮಾಡಿದೆವು. ಮಕ್ಕಳು ಏನಾಗುತ್ತಿದ್ದಾರೆ ಅಂತ ಮಾತ್ರ ನಮ್ಮಲ್ಲಿ ಬಹಳ ಜನ ಯೋಚನೆ ಮಾಡಲಿಲ್ಲ. ನಾನಂತೂ ಮಾಡಲಿಲ್ಲ.

ಆ ರಜೆ ಎಷ್ಟು ದೊಡ್ಡದು ಅಂತ ಒಂದು ಸಲ ಲೆಕ್ಕ ಹಾಕಿ. ಒಂದರಿಂದ ಐದನೇ ತರಗತಿ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಶಾಲೆ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಂದರೆ ಒಂದೂವರೆ ವರ್ಷಕ್ಕೂ ಮೇಲೆ. ನಡುವೆ 2020ರ ಆಗಸ್ಟ್‌ನಲ್ಲಿ 'ವಿದ್ಯಾಗಮ' ಅಂತ ಬಂತು. ಮೇಷ್ಟ್ರುಗಳೇ ಊರೊಳಗೆ ಬಂದು ಅರಳಿಕಟ್ಟೆ, ದೇವಸ್ಥಾನದ ಪ್ರಾಂಗಣ, ಜಗಲಿ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ನಮ್ಮ ಸಂಘದ ಜಗುಲಿ ಮೇಲೂ ಹನ್ನೆರಡು ಮಕ್ಕಳು ಕೂರುತ್ತಿದ್ದರು. ಸೋಂಕು ಹರಡುತ್ತಿದೆ ಅಂತ ಅಕ್ಟೋಬರ್‌ನಲ್ಲಿ ಅದೂ ನಿಂತಿತು. 2021ರ ಜನವರಿಯಿಂದ ದೊಡ್ಡ ಮಕ್ಕಳಿಗೆ ಹಂತ ಹಂತವಾಗಿ ಶುರುವಾಯಿತು, ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಮತ್ತೆ ಮುಚ್ಚಿತು. ತೆಗೆಯುವುದು ಮುಚ್ಚುವುದು, ತೆಗೆಯುವುದು ಮುಚ್ಚುವುದು. ಉಳುಮೆ ಮಾಡಿ ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಹೊಲ ಹೆಂಗಾಗುತ್ತದೋ ಮಕ್ಕಳ ಮನಸ್ಸು ಹಂಗಾಗಿತ್ತು.

ಆವಾಗ ನನ್ನ ಮಗ ಎಂಟನೇ ತರಗತಿ ಮುಗಿಸಿದ್ದ. ಮಗಳು ಒಂದನೇ ತರಗತಿ ಮುಗಿಸಿದ್ದಳು.

ಮೊದಲು ಮಗನ ವಿಚಾರ ಹೇಳುತ್ತೇನೆ. ಶಾಲೆ ಇಲ್ಲ ಅಂತ ಅವನು ನನ್ನ ಜೊತೆ ಕೊಟ್ಟಿಗೆಗೆ ಇಳಿದ. ಹಾಲು ಕರೆಯುವುದು, ಜೋಳ ಕತ್ತರಿಸುವುದು, ಟಿಲ್ಲರ್ ಹೊಡೆಯುವುದು ಎಲ್ಲಾ ಮೂರು ತಿಂಗಳಲ್ಲಿ ಕಲಿತುಬಿಟ್ಟ. ಕೂಲಿಗೆ ಆಳು ಸಿಗದ ಕಾಲ. ನನಗೆ ಖುಷಿಯೋ ಖುಷಿ. ಅವನು ಕೆಲಸ ಮಾಡ್ತಾನೆ ಅಂತ ಇನ್ನೊಂದು ಹಸು ತಂದೆ. ಕಾಯಿ ಲೋಡು ಮಾಡಲು ಪಕ್ಕದೂರಿಗೆ ಹೋಗಿ ದಿನಕ್ಕೆ ನಾನೂರು ರೂಪಾಯಿ ತಂದು ಅವರಮ್ಮನ ಕೈಗೆ ಕೊಟ್ಟ. ಊರಲ್ಲಿ ಎಲ್ಲರೂ "ನಿನ್ನ ಮಗ ಚಿನ್ನ ಕಣಯ್ಯಾ" ಅಂದರು. ನಾನೂ ಎದೆ ಉಬ್ಬಿಸಿಕೊಂಡು ಓಡಾಡಿದೆ. ಪಾಠ ಮೊಬೈಲಿನಲ್ಲಿ ಬರುತ್ತೆ ಅನ್ನುತ್ತಿದ್ದರು. ಇದ್ದದ್ದು ಒಂದೇ ಮೊಬೈಲು, ಅದು ನನ್ನ ಜೇಬಿನಲ್ಲಿ ಹೊಲದಲ್ಲಿರುತ್ತಿತ್ತು. ಸಂಜೆ ಮೇಲೆ ಸಿಗ್ನಲ್ಲು ಸಿಗಬೇಕಾದರೆ ಕೆರೆ ಏರಿ ಮೇಲೆ ಹೋಗಬೇಕು. ಚಂದನ ಟಿ.ವಿ.ಯಲ್ಲಿ ಪಾಠ ಬರುವ ಹೊತ್ತಿಗೆ ಕರೆಂಟು ಇರುತ್ತಿರಲಿಲ್ಲ, ಕರೆಂಟು ಇದ್ದಾಗ ಅವನು ಮನೇಲಿರುತ್ತಿರಲಿಲ್ಲ.

2021ರ ಆಗಸ್ಟ್ 23ಕ್ಕೆ ಹೈಸ್ಕೂಲು ಶುರುವಾಯಿತು. ಆಗ ಅವನು ಹತ್ತನೇ ತರಗತಿ. ಬೆಳಗ್ಗೆ ಬ್ಯಾಗು ಹಾಕಿಕೊಂಡು ಹೋಗುತ್ತಿದ್ದ, ಸಂಜೆ ಬರುತ್ತಿದ್ದ. ಹದಿನೈದು ದಿನ ಆದಮೇಲೆ ಗೊತ್ತಾಯಿತು, ಅವನು ಶಾಲೆಗೆ ಹೋಗುತ್ತಿರಲಿಲ್ಲ. ತೋಟದಲ್ಲಿ ಕಾಯಿ ಸುಲಿಯುವ ಗುಂಪಿನ ಜೊತೆ ಕೂತಿರುತ್ತಿದ್ದ. ನನಗೆ ಹೇಳಿದವರು ಅವನ ಶಾಲೆಯ ಮೇಡಂ. ನಮ್ಮ ಮನೆಗೆ ಬಂದರೆ ಹುಡುಗನಿಗೆ ಅವಮಾನ ಆಗುತ್ತೆ ಅಂತ ಅವರು ಬೆಳಗ್ಗೆ ಆರೂವರೆಗೆ ಈ ಸಂಘದ ಹತ್ತಿರ ಬಂದಿದ್ದರು. ಹಾಲು ಹಾಕಿ ಎಲ್ಲರೂ ಹೋಗುವ ತನಕ ಕಾದು, ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದರು.

ನಾನೇನು ಮಾಡಿದೆ ಗೊತ್ತೇ? ಸೀದಾ ಮನೆಗೆ ಹೋಗಿ ಹೊಡೆದೆ. ಹದಿನೈದು ವರ್ಷದ ಹುಡುಗನಿಗೆ ಹಗ್ಗ ತಗೊಂಡು ಹೊಡೆದೆ. ಅವನು ಅಳಲಿಲ್ಲ. "ಹೋದರೆ ಏನೂ ಅರ್ಥ ಆಗಲ್ಲಪ್ಪಾ. ಎಲ್ಲಾ ಮರೆತುಹೋಗಿದೆ. ಎಲ್ಲರೂ ನಗ್ತಾರೆ. ಇಲ್ಲಾದರೆ ನಾನು ಏನಾದರೂ ಒಂದು ಆಗಿದೀನಿ" ಅಂದ. ಆ ಮಾತು ನನ್ನ ಕಿವೀಲಿ ಇವತ್ತೂ ಇದೆ. ಅವನನ್ನು ಆ ಕಡೆ ಎಳೆದವನು ನಾನೇ. ಚಿನ್ನ ಚಿನ್ನ ಅಂತ ಹೊಗಳಿ, ನೋಟು ಎಣಿಸಿಕೊಂಡು, ಪುಸ್ತಕ ಎಲ್ಲಿದೆ ಅಂತ ಒಂದು ದಿನ ಕೇಳದೆ ಇದ್ದವನು ನಾನೇ.

ಈಗ ಮಗಳ ವಿಚಾರ. ಇದನ್ನು ಹೇಳಬೇಕೋ ಬೇಡವೋ ಅಂತ ನಿನ್ನೆ ರಾತ್ರಿಯೆಲ್ಲಾ ಯೋಚನೆ ಮಾಡಿದೆ. ನಮ್ಮ ತಾಯಿ ನಿಮಗೆಲ್ಲಾ ಗೊತ್ತು. 2000ನೇ ಇಸವಿಯಲ್ಲಿ ಈ ಸಂಘ ಶುರುವಾದ ದಿನ ಮೊದಲು ಹಾಲು ಹಾಕಿದ ನಾಲ್ಕು ಜನ ಹೆಂಗಸರಲ್ಲಿ ಅವರೂ ಒಬ್ಬರು. ಒಂದೂವರೆ ಲೀಟರು. ನನ್ನ ಮಗಳು ಹುಟ್ಟಿದಾಗಿನಿಂದ ಅಜ್ಜಿ ಮಗ್ಗುಲಲ್ಲೇ ಮಲಗಿದವಳು. ಅಜ್ಜಿ ಕ್ಯಾನು ಹಿಡಿದರೆ ಇವಳು ಲೋಟ ಹಿಡಿದುಕೊಂಡು ಹಿಂದೆ ಬರುತ್ತಿದ್ದಳು. 2021ರ ಮೇ ತಿಂಗಳಲ್ಲಿ ಎರಡನೇ ಅಲೆಯಲ್ಲಿ ನಮ್ಮ ತಾಯಿ ತೀರಿಹೋದರು. ಆಸ್ಪತ್ರೆಗೆ ಅಂತ ಕರೆದುಕೊಂಡು ಹೋದವರು ವಾಪಸ್ ಬರಲಿಲ್ಲ. ಮುಖ ನೋಡುವುದಕ್ಕೂ ಆಗಲಿಲ್ಲ, ಮಣ್ಣು ಹಾಕುವುದಕ್ಕೂ ಆಗಲಿಲ್ಲ. ಮಗು ಕೇಳಿದರೆ ಏನು ಹೇಳುವುದು? "ಅಜ್ಜಿ ನಿಮ್ಮ ಅತ್ತೆ ಊರಿಗೆ ಹೋಗಿದೆ, ಬಸ್ ಬಿಟ್ಟಮೇಲೆ ಬರುತ್ತೆ" ಅಂದುಬಿಟ್ಟೆವು.

ಬಸ್ ಬಿಟ್ಟರು. ಆ ಮಗು ದಿನಾ ಸಂಜೆ ಬಸ್ ಸ್ಟಾಪಿನ ಕಲ್ಲಿನ ಮೇಲೆ ಹೋಗಿ ಕೂರತೊಡಗಿತು. ನಾವು ಆಟಕ್ಕೆ ಹೋಗಿದ್ದಾಳೆ ಅಂದುಕೊಂಡಿದ್ದೆವು. ಮಾತು ಕಡಿಮೆ ಆಯಿತು. ಎಂಟು ವರ್ಷದ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳತೊಡಗಿತು. ಅವರಮ್ಮನ ಸೆರಗು ಬಿಡುತ್ತಿರಲಿಲ್ಲ. ಯಂತ್ರ ಕಟ್ಟಿಸಿದೆವು, ದೃಷ್ಟಿ ತೆಗೆದೆವು. ಅಕ್ಟೋಬರ್‌ನಲ್ಲಿ ಶಾಲೆ ಶುರುವಾದಾಗ ಹೋಗಲ್ಲ ಅಂತ ಕಂಬ ಹಿಡಿದುಕೊಂಡಳು. ಒಂದನೇ ತರಗತಿ ಮಾತ್ರ ಓದಿದ್ದ ಮಗು ಸೀದಾ ಮೂರನೇ ತರಗತಿಯಲ್ಲಿ ಕೂರಬೇಕು. ಅವಳ ಹೆಸರು ಬಿಟ್ಟು ಬೇರೆ ಅಕ್ಷರ ಬರೆಯುವುದು ಮರೆತಿದ್ದಳು.

ಒಂದು ದಿನ ಅವಳು ಟೀಚರನ್ನು ಕೇಳಿದಳಂತೆ: "ಮಿಸ್, ನಾನು ಶಾಲೆಗೆ ಬಂದಾಗ ಅಜ್ಜಿ ಬಸ್ಸಿಳಿದರೆ ನಾನಿಲ್ಲ ಅಂತ ವಾಪಸ್ ಹೋಗಿಬಿಡುತ್ತಾ?" ಅಂತ. ನಮ್ಮನ್ನು ಕೇಳಲಿಲ್ಲ, ಟೀಚರನ್ನು ಕೇಳಿದಳು. ನಾವು ಸುಳ್ಳು ಹೇಳುತ್ತಿದ್ದೇವೆ ಅಂತ ಆ ಮಗುವಿಗೆ ಒಳಗೊಳಗೇ ಗೊತ್ತಿತ್ತು ಅಂತ ಕಾಣುತ್ತದೆ.

ಟೀಚರು ನಮ್ಮಿಬ್ಬರನ್ನೂ ಕರೆಸಿ, "ನಿಜ ಹೇಳಿಬಿಡಿ. ಮಗು ಅಳುತ್ತೆ, ಅಳಲಿ. ಕಾಯೋದಕ್ಕಿಂತ ಅಳೋದು ವಾಸಿ" ಅಂದರು. ಅವತ್ತು ರಾತ್ರಿ ತೊಡೆ ಮೇಲೆ ಕೂರಿಸಿಕೊಂಡು ಹೇಳಿದೆ. ಅಜ್ಜಿಗೆ ಕಾಯಿಲೆ ಬಂತು, ಡಾಕ್ಟರು ಬಹಳ ಪ್ರಯತ್ನ ಮಾಡಿದರು, ಆಗಲಿಲ್ಲ, ಸತ್ತುಹೋದರು, ಇನ್ನು ಬರುವುದಿಲ್ಲ, ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ ಅಂತ. ಅವಳು ಅತ್ತಳು, ನಾನೂ ಅತ್ತೆ. ಸತ್ಯ ಹೇಳುತ್ತೇನೆ, ನಮ್ಮ ತಾಯಿ ಸತ್ತ ಐದು ತಿಂಗಳಿಗೆ ನಾನು ಮೊದಲ ಸಲ ಅತ್ತದ್ದು ಅವತ್ತೇ. ಮಾರನೇ ದಿನ ಅಜ್ಜಿಯ ಕ್ಯಾನನ್ನು ತೊಳೆದು, "ಇನ್ನು ಮೇಲೆ ಇದು ನಿನ್ನದು" ಅಂತ ಅವಳಿಗೆ ಕೊಟ್ಟೆವು. ಒಂದು ದಿನಕ್ಕೆ ಎಲ್ಲಾ ಸರಿಹೋಯಿತು ಅಂತಲ್ಲ. ಹಾಸಿಗೆ ಒದ್ದೆಯಾಗುವುದು ನಿಲ್ಲಲು ಎರಡು ತಿಂಗಳೇ ಹಿಡಿಯಿತು. ಆದರೆ ಬಸ್ ಸ್ಟಾಪಿನ ಕಲ್ಲಿನ ಮೇಲೆ ಆಮೇಲೆ ಅವಳು ಕೂರಲಿಲ್ಲ.

ಬಂಧುಗಳೇ, ನಾವು ಹಸು ಸಾಕುವವರು. ನಮಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಹೊಸ ಜಾಗಕ್ಕೆ ತಂದು ಕಟ್ಟಿದ ಹಸು, ಹೆದರಿದ ಹಸು, ಕರು ಕಳೆದುಕೊಂಡ ಹಸು ಸೊರ ಬಿಡುವುದಿಲ್ಲ. ಕೆಚ್ಚಲಲ್ಲಿ ಹಾಲಿರುತ್ತದೆ, ಆದರೆ ಇಳಿಸುವುದಿಲ್ಲ. ಅದಕ್ಕೆ ಹೊಡೆದರೆ ಹಾಲು ಕೊಡುತ್ತದೆಯೇ? ಒದೆ ಕೊಡುತ್ತದೆ. ಮೈ ಸವರಿ, ಹೆಸರು ಹಿಡಿದು ಕರೆದು, ಹಿಂಡಿ ಇಟ್ಟು, ಅದೇ ಕೈ ಅದೇ ಹೊತ್ತಿಗೆ ಹೋದರೆ ನಾಲ್ಕು ದಿನಕ್ಕೆ ಸೊರ ಬಿಡುತ್ತದೆ. ಮೂಕ ಪ್ರಾಣಿಗೆ ಇಷ್ಟು ಮಾಡಲು ಗೊತ್ತಿರುವ ನಮಗೆ ಹೆತ್ತ ಮಕ್ಕಳ ವಿಷಯದಲ್ಲಿ ಯಾಕೆ ಮರೆತುಹೋಗುತ್ತದೆ? ಹೆದರಿದ ಮಗುವಿನ ತಲೆಯಲ್ಲೂ ವಿದ್ಯೆ ಇರುತ್ತದೆ, ಕೆಳಗೆ ಇಳಿಯುವುದಿಲ್ಲ, ಅಷ್ಟೇ.

ಇದು ನನ್ನ ಮಕ್ಕಳಿಗೆ ಮಾತ್ರ ಆದದ್ದಲ್ಲ ಅಂತ ಆಮೇಲೆ ಗೊತ್ತಾಯಿತು. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು ನಮ್ಮ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ ಎರಡರಿಂದ ಆರನೇ ತರಗತಿಯ ಹದಿನಾರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷೆ ಮಾಡಿದರು. ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಕೌಶಲವನ್ನು ಮರೆತಿದ್ದರು. ಗಣಿತದಲ್ಲಿ ನೂರಕ್ಕೆ 82 ಮಕ್ಕಳು ಮರೆತಿದ್ದರು. ಹೊಸದು ಕಲಿಯದಿದ್ದದ್ದು ಒಂದು ಕಡೆ ಇರಲಿ, ಕಲಿತದ್ದೇ ಹೋಗಿತ್ತು. ಇದನ್ನು ಓದಿದ ಮೇಲೆ "ನಿನ್ನ ತಲೇಲಿ ಸಗಣಿ ಇದೆ" ಅಂತ ಮಗನಿಗೆ ಬೈದದ್ದು ನೆನೆದು ನಾಚಿಕೆಯಾಯಿತು. ನೂರಕ್ಕೆ ತೊಂಬತ್ತು ಹೊಲ ಒಣಗಿದರೆ ಅದನ್ನು ಬರಗಾಲ ಅನ್ನುತ್ತೇವೆ, ಬೀಜದ ತಪ್ಪು ಅನ್ನುವುದಿಲ್ಲ.

ಶಾಲೆ ಅಂದರೆ ಪಾಠ ಒಂದೇ ಅಲ್ಲ ಅನ್ನುವುದೂ ಆಗಲೇ ಅರ್ಥವಾದದ್ದು. ಶಾಲೆ ನಿಂತಾಗ ಮಧ್ಯಾಹ್ನದ ಬಿಸಿಯೂಟ ನಿಂತಿತು. ಅಕ್ಕಿ ಬೇಳೆ ಮನೆಗೆ ಕೊಟ್ಟರು, ನಿಜ, ಆದರೆ ಸಾಲಾಗಿ ಕೂತು ಜೊತೆಯವರ ಜೊತೆ ಉಣ್ಣುವುದನ್ನು ಮನೆಗೆ ಕೊಡಲು ಆಗುವುದಿಲ್ಲ. 2013ರ ಆಗಸ್ಟ್‌ನಲ್ಲಿ ಶುರುವಾದ 'ಕ್ಷೀರಭಾಗ್ಯ'ದ ಹಾಲು ನಿಂತಿತು. ಅದು ಬೇರೆ ಯಾರ ಹಾಲೂ ಅಲ್ಲ, ನಮ್ಮಂಥ ಸಂಘಗಳಲ್ಲಿ ನಾವು ಹಾಕಿದ ಹಾಲೇ ಪುಡಿಯಾಗಿ ನಮ್ಮ ಮಕ್ಕಳ ಲೋಟಕ್ಕೆ ಬರುತ್ತಿದ್ದದ್ದು. ಆಟ ನಿಂತಿತು. ಗೆಳೆಯರು ದೂರವಾದರು. ಮನೇಲಿ ಅಪ್ಪ ಕುಡಿದು ಬಂದು ಗಲಾಟೆ ಮಾಡುವ ಮಗುವಿಗೆ ಶಾಲೆಯೇ ನೆಮ್ಮದಿಯ ಜಾಗವಾಗಿತ್ತು, ಅದೂ ಹೋಯಿತು. ಬೆಂಗಳೂರಿನಿಂದ ಕೆಲಸ ಬಿಟ್ಟು ಬಂದ ಕುಟುಂಬಗಳ ಮಕ್ಕಳು ಹೊಸ ಊರು, ಹೊಸ ಶಾಲೆ ಅಂತ ಕಂಗಾಲಾಗಿದ್ದರು.

ಹಾಗಾದರೆ ನಾವು ಏನು ಮಾಡಿದೆವು, ಏನು ಮಾಡಬಹುದು? ನನಗೆ ಅನುಭವಕ್ಕೆ ಬಂದದ್ದನ್ನು ಹೇಳುತ್ತೇನೆ.

ಮೊದಲನೆಯದು, ಮಕ್ಕಳಿಗೆ ನಿಜ ಹೇಳುವುದು. ಸಾವು, ಸಾಲ, ಕಾಯಿಲೆ, ಗಂಡಹೆಂಡಿರ ಜಗಳ, ಮನೇಲಿ ಏನು ಆದರೂ ಮಕ್ಕಳಿಗೆ ವಾಸನೆ ಗೊತ್ತಾಗುತ್ತದೆ. ಹೇಳದೆ ಇದ್ದರೆ ತಮ್ಮಿಂದಲೇ ಆಯಿತು ಅಂತ ಅಂದುಕೊಳ್ಳುತ್ತವೆ. ವಯಸ್ಸಿಗೆ ತಕ್ಕಂತೆ ಎರಡು ಮಾತಿನಲ್ಲಿ ಹೇಳಿ, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು.

ಎರಡನೆಯದು, ದಿನಕ್ಕೆ ಒಂದು ಕಟ್ಟುಪಾಡು. ನಮ್ಮ ಮನೆಗಳಲ್ಲಿ ಗಡಿಯಾರ ಇಲ್ಲದಿದ್ದರೂ ಹಾಲಿನ ಹೊತ್ತು ತಪ್ಪುವುದಿಲ್ಲ. ನಾನು ಅದನ್ನೇ ಹಿಡಿದುಕೊಂಡೆ. ಸಂಜೆ ಹಾಲು ಹಾಕಿ ಬಂದ ಮೇಲೆ ಒಂದು ಗಂಟೆ ಟಿ.ವಿ. ಆರಿಸುವುದು, ಮೊಬೈಲು ಗೂಡಿನಲ್ಲಿ ಇಡುವುದು, ಎಲ್ಲರೂ ಒಂದೇ ಕಡೆ ಕೂರುವುದು. ಓದಿಸಲು ನನಗೆ ಬರುವುದಿಲ್ಲ. ಆದರೆ ಪಕ್ಕದಲ್ಲಿ ಕೂತು ಹಗ್ಗ ಹೊಸೆಯಲು ಬರುತ್ತದೆ. "ಇವತ್ತು ಏನು ಓದಿದೆ, ನನಗೂ ಹೇಳು" ಅನ್ನಲು ಬರುತ್ತದೆ. ಅಕ್ಷರ ಬರದ ತಾಯಿಯೂ ಇಷ್ಟು ಮಾಡಬಹುದು. ಮಗು ಅವಳಿಗೆ ಹೇಳುತ್ತಾ ಹೇಳುತ್ತಾ ತಾನೇ ಕಲಿಯುತ್ತದೆ.

ಮೂರನೆಯದು, ಬಿಟ್ಟ ಜಾಗದಿಂದ ಶುರು ಮಾಡುವುದು. ಇಲ್ಲಿ ಹಾಲು ತಂದಾಗ ಫ್ಯಾಟು, ಡಿಗ್ರಿ ಕಡಿಮೆ ಬಂದರೆ ಏನು ಮಾಡುತ್ತೀರಿ? ಮೇವು ನೋಡುತ್ತೀರಿ, ಖನಿಜ ಮಿಶ್ರಣ ಕೊಡುತ್ತೀರಿ. ಮಗುವನ್ನೂ ಹಾಗೆಯೇ ಎಲ್ಲಿದೆ ಅಂತ ನೋಡಿ ಅಲ್ಲಿಂದ ಎತ್ತಬೇಕು. 2022-23ರಲ್ಲಿ ಸರ್ಕಾರ 'ಕಲಿಕಾ ಚೇತರಿಕೆ' ಅಂತ ಇಡೀ ವರ್ಷವನ್ನು ಇದಕ್ಕೇ ಇಟ್ಟಿತು. ಮೇ 16ಕ್ಕೇ ಶಾಲೆ ಶುರು ಮಾಡಿ, ಕಲಿಕಾ ಹಾಳೆ ಕೊಟ್ಟು, ಹಿಂದಿನ ತರಗತಿಯ ಪಾಠದಿಂದ ಹಿಡಿದರು. ಮೂರನೇ ತರಗತಿಯ ಮಗುವಿಗೆ ಒಂದನೇ ತರಗತಿ ಪುಸ್ತಕ ಕೊಟ್ಟರೆ ಅವಮಾನ ಅಂತ ಕೆಲವರು ಜಗಳಕ್ಕೆ ಹೋಗಿದ್ದಿರಿ, ನಾನೂ ಹೋಗಿದ್ದೆ. ತಪ್ಪು ನಮ್ಮದು. ಅಡಿಪಾಯ ಬಿರುಕು ಬಿಟ್ಟಿದ್ದರೆ ಮೇಲೆ ಹೆಂಚು ಹೊದೆಸಿ ಏನು ಪ್ರಯೋಜನ?

ನಾಲ್ಕನೆಯದು, ಕೆಲಸ ಕೊಡಿ, ಆದರೆ ಅಳತೆ ಇರಲಿ. ರೈತನ ಮಕ್ಕಳು ಕೊಟ್ಟಿಗೆ ಕೆಲಸ ಕಲಿಯುವುದು ಒಳ್ಳೆಯದೇ. ಅದು ಅವರಿಗೆ ಧೈರ್ಯ ಕೊಡುತ್ತದೆ. ಆದರೆ ಮಗುವಿನ ಕೆಲಸದಿಂದ ಮನೆ ನಡೆಯುವ ಹಾಗೆ ಮಾಡಿಕೊಂಡರೆ ಆ ಮಗು ಶಾಲೆಗೆ ಹಿಂತಿರುಗುವುದಿಲ್ಲ. ನಾನು ಆ ಎರಡನೇ ಹಸುವನ್ನು ಮಾರಿದೆ. ನಷ್ಟವಾಯಿತು, ಆಗಲಿ ಅಂದೆ. ಮಗನಿಗೆ ಬೆಳಗ್ಗೆ ಒಂದು ಹೊತ್ತಿನ ಕೆಲಸ ಮಾತ್ರ ಅಂತ ಮಾಡಿದೆ. ಅವನ ಮೇಡಂ ಒಂದು ಉಪಾಯ ಹೇಳಿಕೊಟ್ಟರು. ನಮ್ಮ ಸಂಘದ ಪಾಸ್‌ಬುಕ್ ತಗೊಂಡು ಲೀಟರು, ಫ್ಯಾಟು, ದರ, ಹದಿನೈದು ದಿನದ ಬಟವಾಡೆ, ಅದರಲ್ಲಿ ಹಿಂಡಿ ಮುರಿದುಕೊಂಡದ್ದು ಎಲ್ಲವನ್ನೂ ಅವನ ಕೈಲೇ ಲೆಕ್ಕ ಮಾಡಿಸಿದರು. ದಶಮಾಂಶ, ಶೇಕಡಾ, ಸರಾಸರಿ ಎಲ್ಲಾ ಅದರಲ್ಲೇ ಬಂತು. "ನನಗೆ ಬರುತ್ತೆ" ಅಂತ ಅವನಿಗೆ ಅನ್ನಿಸಿದ್ದು ಆವಾಗಲೇ. ಆಮೇಲೆ ಅವನೇ ತಂಗಿಗೂ ಪಕ್ಕದ ಮನೆಯ ಮೂರು ಮಕ್ಕಳಿಗೂ ಕೂಡುವುದು ಕಳೆಯುವುದು ಹೇಳಿಕೊಟ್ಟ. 2022ರ ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ಹೋಯಿತು. ಬೈಯಲಿಲ್ಲ. ಪೂರಕ ಪರೀಕ್ಷೆ ಕಟ್ಟಿ ಪಾಸು ಮಾಡಿದ. ಆಮೇಲೆ ಐ.ಟಿ.ಐ. ಮುಗಿಸಿದ್ದಾನೆ.

ಐದನೆಯದು, ಹೆಣ್ಣುಮಕ್ಕಳು. ಶಾಲೆ ನಿಂತ ಕೂಡಲೇ "ಮನೇಲಿ ಸುಮ್ಮನೆ ಕೂತಿದೆ, ಒಂದು ಗಂಡು ನೋಡಿಬಿಡೋಣ, ಖರ್ಚಿಲ್ಲದೆ ಮದುವೆ ಆಗುತ್ತೆ" ಅನ್ನುವ ಮಾತು ಹುಟ್ಟಿತ್ತು. ನಮ್ಮ ಸುತ್ತಮುತ್ತ ಅಂಥದ್ದು ನಡೆದದ್ದನ್ನು ನೀವೂ ಬಲ್ಲಿರಿ. ಹದಿನೆಂಟು ತುಂಬದೆ ಮದುವೆ ಮಾಡುವುದು ಕಾನೂನಿಗೆ ವಿರುದ್ಧ ಮಾತ್ರವಲ್ಲ, ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿಂದಲೂ ಮದುವೆಯೇ ಅಲ್ಲ. ಶಾಲೆ ಬಿಟ್ಟ ಹೆಣ್ಣುಮಗುವನ್ನು ಮತ್ತೆ ಸೇರಿಸುವುದು ಬಹಳ ಕಷ್ಟ. ಬಿಡದ ಹಾಗೆ ನೋಡಿಕೊಳ್ಳುವುದೇ ಸುಲಭ.

ಆರನೆಯದು, ಗುರುತು ಹಿಡಿಯುವುದು. ಹಸು ಮೇವು ಬಿಟ್ಟರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡುತ್ತೇವೆ. ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಜೊತೆಯವರನ್ನು ಬಿಟ್ಟು ಒಂಟಿಯಾಗಿ ಕೂತರೆ, ಹಾಸಿಗೆ ಒದ್ದೆ ಮಾಡಿದರೆ, ಕಾರಣ ಇಲ್ಲದೆ ಹೊಟ್ಟೆನೋವು ಅಂದರೆ, ಸಣ್ಣಪುಟ್ಟದಕ್ಕೆ ರೇಗಿದರೆ ಎರಡು ವಾರ ನೋಡಿ. ಹೋಗದಿದ್ದರೆ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. 2022ರ ಅಕ್ಟೋಬರ್‌ನಿಂದ ಮನಸ್ಸಿನ ತೊಂದರೆಗೆ ಅಂತಲೇ 'ಟೆಲಿ ಮಾನಸ್' ಅಂತ ಒಂದು ಫೋನು ಇದೆ, ನಂಬರು 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಹೊಡೆತ, ಬಾಲ್ಯವಿವಾಹ, ದುಡಿಸಿಕೊಳ್ಳುವುದು ಕಂಡರೆ 1098. ಎರಡು ನಂಬರನ್ನೂ ನಮ್ಮ ಸಂಘದ ಗೋಡೆ ಮೇಲೆ ದರಪಟ್ಟಿ ಪಕ್ಕದಲ್ಲಿ ಬರೆಸಬೇಕು ಅಂತ ನಾನು ಆಡಳಿತ ಮಂಡಳಿಯನ್ನು ಕೇಳಿಕೊಂಡಿದ್ದೇನೆ. ಇನ್ನು ಜೀವ ಬೇಡ ಅನ್ನುವ ಮಾತು ಮಗುವಿನ ಬಾಯಲ್ಲಿ ಬಂದರೆ ಎರಡು ವಾರ ಅಲ್ಲ, ಎರಡು ಗಂಟೆಯೂ ಕಾಯಬೇಡಿ. ಒಂಟಿ ಬಿಡದೆ ಕರೆದುಕೊಂಡು ಹೋಗಿ.

ಈಗ ಒಂದು ಹಳೇ ಮಾತು. ಕೊರೋನಾ ಹೋಯಿತಲ್ಲ, ಈಗ್ಯಾಕೆ ಇದೆಲ್ಲಾ ಅಂತ ನೀವು ಕೇಳಬಹುದು. 1995ರಲ್ಲಿ ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ತಂದೆ ತೀರಿಕೊಂಡರು. ಆಗ ಯಾವ ಸಾಂಕ್ರಾಮಿಕವೂ ಇರಲಿಲ್ಲ, ಶಾಲೆ ತೆರೆದೇ ಇತ್ತು. ನನ್ನ ಪಾಲಿಗೆ ಮಾತ್ರ ಮುಚ್ಚಿತ್ತು. ನಲವತ್ತು ದಿನ ಹೋಗಲಿಲ್ಲ. ಒಂದು ಸಂಜೆ ನಮ್ಮ ಮೇಷ್ಟ್ರು ಸೈಕಲ್ಲಿನಲ್ಲಿ ಬಂದು ಜಗುಲಿ ಮೇಲೆ ಕೂತರು. ಓದಿನ ವಿಚಾರ ಎತ್ತಲಿಲ್ಲ. ಅವ್ವ ಕೊಟ್ಟ ರಾಗಿ ರೊಟ್ಟಿ ತಿಂದರು. "ಹಸು ಎಷ್ಟು ಕೊಡುತ್ತೆ?" ಅಂತ ಕೇಳಿದರು. ಹೋಗುವಾಗ ಸೈಕಲ್ ಸ್ಟ್ಯಾಂಡು ಒದ್ದು, "ನಾಳೆ ಮೊದಲನೇ ಪೀರಿಯಡ್ಡಿಗೆ ಬಾ, ಬಾಕಿದು ನಾನು ನೋಡ್ಕೊಳ್ತೀನಿ" ಅಂದರು. ಅಷ್ಟೇ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು ಆ ಒಂದು ಮಾತಿನಿಂದ. ಇವತ್ತು ಈ ಸಂಘದ ಲೆಕ್ಕಪತ್ರ ಓದಿ ಸಹಿ ಹಾಕುತ್ತಿದ್ದೇನೆ ಅಂದರೆ ಅದಕ್ಕೆ ಕಾರಣ ಆ ಮಾತು.

ಅಂದರೆ ಯಾವುದಾದರೂ ಒಂದು ಮನೆಯಲ್ಲಿ ಒಂದು ಮಗುವಿನ ಶಾಲೆ ಯಾವತ್ತೂ ನಿಲ್ಲುತ್ತಲೇ ಇರುತ್ತದೆ. ಅಪ್ಪ ಸತ್ತರೆ ನಿಲ್ಲುತ್ತದೆ, ಅಮ್ಮನಿಗೆ ಕಾಯಿಲೆ ಬಂದರೆ ನಿಲ್ಲುತ್ತದೆ, ಬರ ಬಂದು ಗುಳೆ ಹೋದರೆ ನಿಲ್ಲುತ್ತದೆ. ಕೊರೋನಾದಲ್ಲಿ ಎಲ್ಲರದೂ ಒಟ್ಟಿಗೆ ನಿಂತದ್ದರಿಂದ ನಮಗೆ ಕಾಣಿಸಿತು.

ನಮಗೆ ಕಾಣಿಸಿದರೂ ನಾವು ನೋಡದೆ ಹೋದದ್ದು ಒಂದಿದೆ. ಅದನ್ನು ಈ ಸಂತೋಷದ ಸಮಾರಂಭದಲ್ಲೂ ಹೇಳಲೇಬೇಕು. ನಮ್ಮೂರಿನ ಒಬ್ಬ ಹುಡುಗ ಆ ಎರಡು ವರ್ಷ ದಿನಾ ಬೆಳಗ್ಗೆ ಎರಡು ಮನೆಯ ಹಾಲು ಹೊತ್ತು ಇಲ್ಲಿಗೆ ತರುತ್ತಿದ್ದ. ಶಾಲೆ ಶುರುವಾದ ಮೇಲೂ ತರುತ್ತಿದ್ದ. ಒಂಬತ್ತು ಗಂಟೆ ಆದರೂ ಇಲ್ಲೇ ಕ್ಯಾನು ತೊಳೆಯುತ್ತಾ ಇರುತ್ತಿದ್ದ. ನಾವೆಲ್ಲಾ "ಒಳ್ಳೇ ಹುಡುಗ, ಮೈಗಳ್ಳ ಅಲ್ಲ" ಅಂದೆವು. ಶಾಲೆಗೆ ಯಾಕೆ ಹೋಗಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಏಳನೇ ತರಗತಿಗೆ ಅವನ ಓದು ಮುಗಿಯಿತು. ಈಗ ಬೆಂಗಳೂರಿನಲ್ಲಿ ಯಾವುದೋ ಗ್ಯಾರೇಜಿನಲ್ಲಿದ್ದಾನೆ. ಇವತ್ತು ಇಲ್ಲಿ ಬಹುಮಾನ ತಗೊಳ್ಳುವ ಮಕ್ಕಳ ಸಾಲಿನಲ್ಲಿ ಅವನೂ ನಿಲ್ಲಬಹುದಿತ್ತು. ಅವನು ನಮ್ಮ ಕಣ್ಣೆದುರಿಗೇ ಜಾರಿಹೋದ.

ಅದಕ್ಕೇ ನಾನು ಹೇಳುವುದು. ದಿನಕ್ಕೆ ಎರಡು ಸಲ ಪ್ರತಿ ಮನೆಯವರನ್ನೂ ನೋಡುವ ಜಾಗ ನಮ್ಮೂರಲ್ಲಿ ದೇವಸ್ಥಾನವೂ ಅಲ್ಲ, ಪಂಚಾಯಿತಿಯೂ ಅಲ್ಲ, ನಮ್ಮ ಈ ಹಾಲಿನ ಡೇರಿ. ಯಾರ ಹಸು ಬತ್ತಿತು, ಯಾರ ಹಸು ಈಯಿತು ಅಂತ ನಮ್ಮ ಪುಸ್ತಕದಲ್ಲಿ ಗೊತ್ತಾಗುತ್ತದೆ. ಹಾಗೆಯೇ ಯಾರ ಮಗು ಶಾಲೆಗೆ ಹೋಗುತ್ತಿಲ್ಲ ಅಂತಲೂ ಗೊತ್ತಾಗಬೇಕು.

ಬೆಳ್ಳಿಹಬ್ಬದ ನೆನಪಿಗೆ ನಾನು ಮೂರು ಕೋರಿಕೆ ಇಡುತ್ತೇನೆ. ಒಂದು, ಸಂಜೆ ಹಾಲು ಶೇಖರಣೆ ಮುಗಿದ ಮೇಲೆ ಈ ಜಗುಲಿಯ ದೀಪ ಎಂಟು ಗಂಟೆ ತನಕ ಉರಿಯಲಿ. ಓದುವ ಮಕ್ಕಳು ಬಂದು ಕೂರಲಿ, ಓದಿದ ನಮ್ಮ ಹುಡುಗ ಹುಡುಗಿಯರು ಸರದಿ ಮೇಲೆ ಬಂದು ಹೇಳಿಕೊಡಲಿ. 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಅಂತ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಡಲು ಶುರು ಮಾಡಿದರು. ಅಲ್ಲಿಂದ ಪುಸ್ತಕ ತರಿಸೋಣ. ಎರಡು, ಬೈಲಾ ಒಪ್ಪುವ ಮಟ್ಟಿಗೆ ಲಾಭದಲ್ಲಿ ಒಂದು ಸಣ್ಣ ಪಾಲನ್ನು, ತಂದೆ ಅಥವಾ ತಾಯಿ ತೀರಿಹೋದ ಸದಸ್ಯರ ಮಕ್ಕಳ ಓದಿಗೆ ಇಡೋಣ. ಹನಿ ಹನಿ ಕೂಡಿದರೆ ಹಳ್ಳ, ಇದು ಹಾಲಿನವರಿಗೆ ಹೇಳಿಕೊಡಬೇಕಾದ ಮಾತಲ್ಲ. ಮೂರನೆಯದಕ್ಕೆ ದುಡ್ಡು ಬೇಡ. ಶಾಲೆ ಹೊತ್ತಿನಲ್ಲಿ ಯಾವ ಮಗು ಕ್ಯಾನು ಹಿಡಿದು ಇಲ್ಲಿ ನಿಂತಿದ್ದರೂ, ಹಾಲು ಅಳೆಯುವ ಮೊದಲು "ಯಾಕಪ್ಪಾ ಶಾಲೆಗೆ ಹೋಗಲಿಲ್ಲ?" ಅಂತ ಒಂದು ಮಾತು ಕೇಳೋಣ. ಬೈಯುವ ಹಾಗೆ ಅಲ್ಲ, ನಮ್ಮ ಮೇಷ್ಟ್ರು ಕೇಳಿದ ಹಾಗೆ.

ನನ್ನ ಮಗಳು ಈಗ ಏಳನೇ ತರಗತಿ. ಇವತ್ತು ಬಹುಮಾನದ ಪಟ್ಟಿಯಲ್ಲಿ ಅವಳ ಹೆಸರಿಲ್ಲ, ಅದಕ್ಕೆ ನನಗೆ ಬೇಜಾರೂ ಇಲ್ಲ. ಬೆಳಗ್ಗೆ ಅಜ್ಜಿಯ ಕ್ಯಾನು ಹಿಡಿದು ಇಲ್ಲಿಗೆ ಬರುತ್ತಾಳೆ, ಹಾಲು ಹಾಕಿ ಚೀಟಿಯನ್ನು ತಾನೇ ಗಟ್ಟಿಯಾಗಿ ಓದುತ್ತಾಳೆ, ಎಂಟೂವರೆಗೆ ಬ್ಯಾಗು ಹಾಕಿಕೊಂಡು ಓಡುತ್ತಾಳೆ. ನನಗೆ ಅಷ್ಟು ಸಾಕು.

 ಮಾತಿನಲ್ಲಿ ತಪ್ಪಿದ್ದರೆ ನಿಮ್ಮ ಮನೆಯವನು ಅಂತ ಹೊಟ್ಟೆಗೆ ಹಾಕಿಕೊಳ್ಳಿ. ಬಹುಮಾನ ಪಡೆದ ಮಕ್ಕಳಿಗೆ ಶುಭವಾಗಲಿ, ಪಡೆಯದ ಮಕ್ಕಳಿಗೂ ಅಷ್ಟೇ ಶುಭವಾಗಲಿ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.